ವಿಕ್ರಾಂತನ ತಪ್ಪು ವೇಗ

ನನ್ನ ಗಂಡ ವಿಕ್ರಾಂತ ಸತ್ತು ವರ್ಷವಾಗುತ್ತ ಬಂದಿತ್ತು. ಅವನು ಮಾಡಿಟ್ಟ ಡಬ್ಬಿ ಮಾತ್ರ ದಿಗ್ಗೇವಾಡಿಯ ಹೊಳೆದಂಡೆಯಲ್ಲಿ ಇನ್ನೂ ಜೀವಂತವಿತ್ತು, ನನಗೆ ಅದರ ಮೇಲೇ ಸಿಟ್ಟು. ಕೃಷ್ಣೆ ಏರಿದರೆ ಎಷ್ಟು ಏರಿದೆಯೆಂದು ತಂತಿಯಲ್ಲಿ ನಮ್ಮ ಅಡುಗೆಮನೆಯ ಪರದೆಗೆ ಬರೆದು ಕಳಿಸುವುದು ಅದರ ಕೆಲಸ. ಹೊಳೆ ಏರದೆ ಬಾಯಿ ಬಿಡುವುದಿಲ್ಲ.

ಬೇಸಿಗೆಯ ಸಿಡಿಲಿಗೆ ಮನೆಯ ಪರದೆ ಸುಟ್ಟಿತು. ರಾಯಬಾಗದಲ್ಲಿ ಅಂಗಡಿ ಇಟ್ಟಿದ್ದ ಅವನ ಗೆಳೆಯ ಬಿಲಾಲ ಹೊಸದು ಮಾಡಿಕೊಟ್ಟ. ಹೊಳೆ ಬಂದ ದಿನ ನೋಡಿದರೆ ಪರದೆಯ ತುಂಬ ಕಸ: ಒಡಕು ಅಕ್ಷರ, ಗೀಟು, ಚುಕ್ಕೆ. ದಂಡೆಯ ದಾರಿ ಮುಳುಗಿತ್ತು, ಕಬ್ಬಿನಾಚೆ ನೀರು ಎಲ್ಲಿದೆಯೋ ಕಾಣದು. ಮಾವ ದಶರಥ, "ಮಗನ ಡಬ್ಬಿ ಹೇಳೂತನಕ ನಾ ಮನಿ ಬಿಡಾಂವಲ್ಲ" ಎಂದು ಬಾಗಿಲಲ್ಲಿ ಕೂತುಬಿಟ್ಟರು.

ಫೋನು ಮಾಡಿ ಬಿಲಾಲನನ್ನು ಕರೆಸಿದೆ. "ಏನ ಮಾಡಿಟ್ಟೀಯೋ? ಬೆಂಕಿ ಹಚ್ಚು ಇದಕ್ಕ!"

"ನಂದು ಬರೋಬ್ಬರಿ ಐತ್ರಿ ವೈನಿ. ವಿಕ್ರಾಂತನ ಡಬ್ಬಿ ಜೋರ ಓಡತೈತಿ. ಅಕ್ಷರ ತುಣುಕು ತುಣುಕಾಗಿ ಬರತಾವು. ಕಳಿಸಾಂವಂದು, ಓದಾಂವಂದು ಗಡಿಯಾರ ಒಂದ ಸಮ ನಡೀಬೇಕು. ಇಲ್ಲಂದ್ರ ಕಡೀ ತುಣುಕು ತಪ್ಪತಾವು."

"ಮತ್ತ ಮದಲ ಹೆಂಗ ಬರ್ತಿತ್ತು?"

"ಎರಡೂ ಅವನ ಮಾಡಿದ್ದನಲ್ರಿ. ಎರಡೂ ಅಷ್ಟಷ್ಟ ತಪ್ಪಿದ್ದು. ಒಂದರ ಮಾತ ಒಂದಕ್ಕ ತಿಳೀತಿತ್ತು."

ನನ್ನ ಗಂಡ ಪುಣ್ಯಾತ್ಮ, ಸರಿಯಾದ ಗಡಿಯಾರವನ್ನೇ ಹಾಕಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಈಗ ಆ ಡಬ್ಬಿಯವರೆಗೆ ಹೋಗುವಂತಿಲ್ಲ. ಬಿಲಾಲ ತನ್ನದನ್ನೇ ಕೆಡಿಸತೊಡಗಿದ. ಲ್ಯಾಪ್‌ಟಾಪ್ ಹಚ್ಚಿ ವೇಗ ಒಂದಿಷ್ಟು ಏರಿಸಿದ, ಮತ್ತೊಂದಿಷ್ಟು ಏರಿಸಿದ. ಕಸದ ನಡುವೆ ಒಂದು ಅಕ್ಷರ ಮೂಡಿತು, ಹೋಯಿತು. ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಿತ್ತು. ನನಗೆ ಹೆದರಿಕೆಯಾಯಿತು. ಆಮೇಲೆ ಒಮ್ಮೆಗೇ ಇಡೀ ಸಾಲು ಬಂತು. ಇಂಗ್ಲಿಷ್ ಅಕ್ಷರದಲ್ಲಿ ವಿಕ್ರಾಂತನದೇ ಮಾತು. ನೀರು ಡಬ್ಬಿಯ ಎಲ್ಲಕ್ಕೂ ಮೇಲಿನ ಗುರುತು ಮುಟ್ಟಿದರೆ ಇರಲಿ ಎಂದು ಬರೆದಿಟ್ಟದ್ದು. ಅಷ್ಟು ಹೊಳೆ ಬಂದೇ ಇರಲಿಲ್ಲವಾಗಿ ನಾವು ಯಾರೂ ಓದಿರಲಿಲ್ಲ.

"ಕಾಂಚನಾ, ಎಮ್ಮಿ ಬಿಚ್ಚು. ಅಪ್ಪನ್ನ ಕರಕೊಂಡ ನಡಿ. ನಾ ಹಿಂದ ಬರ್ತೀನಿ."

ಮಾವ ಎದ್ದು ಬಂದು ನನ್ನಿಂದ ಓದಿಸಿ ಕೇಳಿದರು. ಮುಖ ಅರಳಿತು. ಪರದೆಯ ಮುಂದೆಯೇ ಚಕ್ಕಳಮಕ್ಕಳ ಹಾಕಿ ಕೂತರು.

"ಬರ್ತಾನಂತಲ್ಲ. ತಡಿ, ಕೂಡೇ ಹೋಗೂಣು."

ಹಿತ್ತಲಿಗೆ ನೀರು ಬಂದಿತ್ತು. ಜಗ್ಗಿದೆ, ಬೈದೆ, ಕಾಲು ಹಿಡಿದೆ. ಪರದೆಯಲ್ಲಿ ಅದೇ ಸಾಲು ಅಳಿಸಿ ಮತ್ತೆ ಬರುತ್ತಿತ್ತು, ಬಂದಾಗಲೆಲ್ಲ ಮಾವ ಮಗನಿಗೆ "ಹೂಂ" ಅನ್ನುತ್ತಿದ್ದರು. ತಂತಿ ತೆಗೆ ಎಂದರೆ ಬಿಲಾಲನಿಗೆ ಕೈ ಬರಲಿಲ್ಲ. ನಾನೇ ಕಿತ್ತೆ.

ಖಾಲಿ ಪರದೆಯನ್ನು ಸ್ವಲ್ಪ ಹೊತ್ತು ನೋಡಿ ಮಾವ ಎದ್ದರು. ಎಮ್ಮೆಗಳನ್ನು ಹೊಡೆದುಕೊಂಡು ಏರಿನ ದಾರಿ ಹಿಡಿದೆವು. ಬಿಲಾಲನ ಹೆಗಲು ಹಿಡಿದಿದ್ದ ಮಾವ ಒಮ್ಮೆಯೂ ಹಿಂದೆ ತಿರುಗಲಿಲ್ಲ. ತಂತಿ ಕಿತ್ತವಳು ನಾನು, ದಾರಿಯುದ್ದಕ್ಕೂ ನಾನೇ ತಿರುತಿರುಗಿ ನೋಡಿದೆ.