ಎಳೆದವರ ಸರದಿ

ಹಡಗಿನ ಅಡುಗೆಯವನು ಕಣ್ಣು ಬಿಟ್ಟಾಗ ಒಬ್ಬ ಮುದುಕಿ ಬಟ್ಟಲಲ್ಲಿ ಮೀನಿನ ಸಾರು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಒಂದು ಗುಟುಕು ಕುಡಿದವನೇ, "ಉಪ್ಪು ಕಮ್ಮಿ," ಅಂದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ; ಇವನದು ಮುಳುಗಿದರೂ ಹೋಗಿರಲಿಲ್ಲ.

"ನನ್ನ ತಮ್ಮ?"

"ನೀನೊಬ್ಬನೇ ಸಿಕ್ಕಿದ್ದು ಮಗಾ."

ಹಡಗು ಬಂಡೆಗೆ ಬಡಿದಾಗ ತಮ್ಮನ ಕೈ ಇವನ ಕೈಯಲ್ಲೇ ಇತ್ತು. ಅಲೆ ಕಿತ್ತುಕೊಂಡಿತ್ತು.

ಆ ದ್ವೀಪದಲ್ಲಿ ಇದ್ದದ್ದು ಹನ್ನೊಂದೇ ಮನೆ, ಆದರೆ ಮನಸ್ಸು ದೊಡ್ಡದು. ಒಬ್ಬರು ಅಂಗಿ ಕೊಟ್ಟರು, ಇನ್ನೊಬ್ಬರು ಕಾಲಿನ ಗಾಯ ತೊಳೆದರು. ಹೆತ್ತವರೂ ಇಷ್ಟು ಮಾಡಿರಲಿಲ್ಲ. ಮೂರನೆಯ ದಿನ ಕೋಲೂರಿ ಎದ್ದು ದಡಕ್ಕೆ ಬಂದವನು, ಬಲೆ ಹೆಣೆಯುತ್ತಿದ್ದ ಮುದುಕಿಯನ್ನು ಕೇಳಿದ: "ಅಜ್ಜಿ, ನನ್ನನ್ನ ಎಳೆದ ಪುಣ್ಯಾತ್ಮ ಯಾರು? ಕಾಲಿಗೆ ಬೀಳಬೇಕು."

"ನನ್ನ ಗಂಡ."

"ಎಲ್ಲಿದಾರೆ?"

ಮುದುಕಿ ಕಡಲು ತೋರಿಸಿದಳು. ಕಡಲಿನ ಬಾಯಿಂದ ತುತ್ತು ಕಿತ್ತವರು ಮಾರನೆಯ ಬೆಳಗ್ಗೆ ತಾವೇ ತುತ್ತಾಗಬೇಕು, ಅದು ಅಲ್ಲಿಯ ಕಟ್ಟಳೆ. ಹಿಂದೊಮ್ಮೆ ಒಬ್ಬ ತಪ್ಪಿಸಿಕೊಂಡ. ನೀರು ಏರಿ ಬಂದು ನಲವತ್ತು ಮನೆ ಹನ್ನೊಂದಾದವು.

ಅಡುಗೆಯವನು ಕಡಲನ್ನೊಮ್ಮೆ, ಮುದುಕಿಯನ್ನೊಮ್ಮೆ ನೋಡಿದ. "ಗೊತ್ತಿದ್ದೂ ಎಳೆದ್ರಾ?"

"ನೀನು ಕೂಗ್ತಿದ್ದೆ. ಕೇಳಿಸ್ಕೊಂಡು ಸುಮ್ನಿರೋಕಾಗುತ್ತಾ?"

ಅಷ್ಟರಲ್ಲಿ ಬಂಡೆಗಳ ಕಡೆಯಿಂದ ಒಂದು ಕ್ಷೀಣ ಕೂಗು. ಮುರಿದ ಹಲಗೆಗೆ ಅಂಟಿಕೊಂಡು ತಮ್ಮ! ದಡದ ಮೇಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕಿ ಬಲೆ ಕೆಳಗಿಟ್ಟು ಎದ್ದಳು.

"ಕೂತ್ಕೊಳ್ಳಿ ಅಜ್ಜಿ. ನಿಮ್ಮ ಮನೆಯಿಂದ ಒಬ್ಬರು ಹೋಗಿದ್ದು ಸಾಕು," ಎಂದು ಅವಳ ಭುಜ ಒತ್ತಿ, ಅಡುಗೆಯವನು ಕುಂಟುತ್ತಲೇ ನೀರಿಗಿಳಿದ.

ದಡಕ್ಕೆ ಎಳೆದು ತರುವಷ್ಟರಲ್ಲಿ ತಮ್ಮನಿಗೆ ಎಚ್ಚರವಿರಲಿಲ್ಲ. ಅಣ್ಣ ಇಡೀ ದಿನ ಅವನ ಪಾದ ಉಜ್ಜಿದ, ಚಮಚದಲ್ಲಿ ನೀರು ಕುಡಿಸಿದ. ಅಷ್ಟು ಸಂತೋಷದ ದಿನ ಅವನ ಜನ್ಮದಲ್ಲೇ ಬಂದಿರಲಿಲ್ಲ.

ಮಾರನೆಯ ಬೆಳಗ್ಗೆ ಊರವರು ಸೊಂಟದುದ್ದ ನೀರಿನವರೆಗೂ ಜೊತೆಗೆ ಬಂದು ಬೆನ್ನು ತಟ್ಟಿದರು. "ತುಂಬಾ ಉಪಕಾರ ಆಯ್ತು," ಎಂದು ಅಡುಗೆಯವನು ಒಬ್ಬೊಬ್ಬರಿಗೂ ಕೈಮುಗಿದ. ಬಾಯುಪಚಾರದ ಮಾತಲ್ಲ, ಹೊಟ್ಟೆಯೊಳಗಿಂದ ಬಂದದ್ದು. "ಇನ್ನೊಂದು ಉಪಕಾರ ಮಾಡಿ. ಅವನು ಎದ್ರೆ ಗಟ್ಟಿಯಾಗಿ ಹಿಡ್ಕೊಳ್ಳಿ. ನನ್ನನ್ನ ಎಳೆದ್ರೆ ನಾಳೆ ಅವನ ಸರದಿ."

ನೀರು ಎದೆಗೆ ಬಂದಾಗ ದಡದಿಂದ ಕೂಗು ಕೇಳಿತು. "ಅಣ್ಣಾ! ಬಿಡ್ರೋ ನನ್ನ! ಅಣ್ಣಾ!"

ಎಂಥ ಗಟ್ಟಿ ದನಿ! ಇನ್ನು ಬದುಕುತ್ತಾನೆ ಅಂದುಕೊಂಡ ಅಣ್ಣ, ತಿರುಗಿ ನೋಡದೆ ಮುಂದೆ ನಡೆದ.