ಅರಿಯಾಡ್ನಿಯ ಬಾಯಿಗೆ ಹೊಸ ಮಾತು

ಥೀಸಿಯಸ್ ಎಂದರೆ ಇಡೀ ಗ್ರೀಸ್ ಚಪ್ಪಾಳೆ ತಟ್ಟಬಹುದು. ನಮ್ಮ ನಕ್ಸೋಸ್ ದ್ವೀಪದಲ್ಲಿ ಆ ಹೆಸರನ್ನು ಕತ್ತೆಗೂ ಇಡುವುದಿಲ್ಲ. ಕ್ರೀಟಿನ ಚಕ್ರವ್ಯೂಹದೊಳಗೆ ಹೋಗಿ ಗೂಳಿತಲೆಯ ರಾಕ್ಷಸನನ್ನು ಕೊಂದನಂತೆ, ಭಾರೀ ವೀರನಂತೆ. ದಾರದುಂಡೆ ಕೊಟ್ಟು ಅವನ ಜೀವ ಉಳಿಸಿದವಳು ಅರಿಯಾಡ್ನಿ. ಮದುವೆಯಾಗುತ್ತೇನೆಂದು ಅವಳನ್ನು ಕರೆತಂದು, ನಮ್ಮ ದಡದಲ್ಲಿ ನಿದ್ದೆಹೋದವಳನ್ನು ಹಾಗೇ ಬಿಟ್ಟು ಹಡಗು ಹತ್ತಿದ. ಅವನು ವೀರನಾದರೆ ನಮ್ಮ ಕೊಟ್ಟಿಗೆಯ ಟಗರೂ ವೀರನೇ.

ಅಥೆನ್ಸಿನಿಂದ ಇಸ್ಮಿನಿ ಎಂಬ ನಾಟಕದವಳು ಈ ಕಥೆಯನ್ನು ಹೊಸದಾಗಿ ಹೇಳುತ್ತೇನೆಂದು ನಮ್ಮ ಬೆಟ್ಟದ ಹಳ್ಳಿಗೆ ಬಂದಳು. ಅವಳ ನಾಟಕದಲ್ಲಿ ಅರಿಯಾಡ್ನಿಯನ್ನು ಯಾರೂ ಬಿಟ್ಟುಹೋಗುವುದಿಲ್ಲ. ಅವಳೇ ಎದ್ದು ಕುಳಿತು, ‘ಹೋಗು, ನಾನೇ ಕಳಿಸುತ್ತಿದ್ದೇನೆ’ ಎಂದು ನಗುತ್ತಾ ಬೀಳ್ಕೊಡುತ್ತಾಳೆ. ಆ ಮಾತು ಆಡಲು ಇಸ್ಮಿನಿ ಆರಿಸಿದ್ದು ಯಾರನ್ನು? ನನ್ನ ತಂಗಿ ಕಲ್ಲಿರೋಯಿಯನ್ನು.

ನನ್ನ ಮೈ ಉರಿದದ್ದಕ್ಕೆ ಕಾರಣವಿದೆ. ನಮ್ಮೂರಿನವನೇ ಆದ ಅರ್ಗಿರಿಸ್ ಎಂಬವನು ಹಿಂದೆ ಕಲ್ಲಿರೋಯಿಯ ಜೊತೆ ನಿಶ್ಚಯ ಮಾಡಿಕೊಂಡಿದ್ದ. ಮೂರು ಚಳಿಗಾಲ ನಮ್ಮ ಮನೆಯಲ್ಲೇ ಉಂಡು, ನಮ್ಮ ಮನೆಯಲ್ಲೇ ಮಲಗಿದ. ಅವರಿಬ್ಬರಿಗೆಂದು ಅಪ್ಪ ಮಹಡಿ ಕಟ್ಟಿಸಿದರು. ಒಂದು ನಸುಕಿನಲ್ಲಿ, ಅವಳಿನ್ನೂ ಮಲಗಿರುವಾಗಲೇ, ಬಂದರಿಗಿಳಿದು ಹೊರಟೇ ಹೋದ. ಆಮೇಲೆ ಅಥೆನ್ಸಿನಲ್ಲಿ ಕುಳಿತು, ಅವಳೇ ತನ್ನನ್ನು ಬೇಡವೆಂದು ಕಳಿಸಿದಳು ಎಂದು ಊರಿಗೆಲ್ಲ ಸುದ್ದಿ ಮುಟ್ಟಿಸಿದ. ಕಲ್ಲಿರೋಯಿ ಬಾಯಿ ಬಿಡಲಿಲ್ಲ, ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಹಾಗಾಗಿ ಊರು ಅವನನ್ನು ನಂಬಿತು, ಇವಳಿಗೆ ಸೊಕ್ಕಿನವಳು ಎಂಬ ಹೆಸರು ಅಂಟಿತು. ಮತ್ತೆ ಯಾವ ಗಂಡೂ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಈಗ ಅವನು ಅಥೆನ್ಸಿನ ಹೆಂಡತಿಯೊಡನೆ ವಾಪಸಾಗಿದ್ದಾನೆ, ನಾಟಕ ನಡೆಯುವ ಊರಿನ ಬೇಸಗೆ ಉತ್ಸವಕ್ಕೆ ಅವನೇ ಯಜಮಾನ. ಇಸ್ಮಿನಿಯ ನಾಟಕ ಓದಿ, ಕೊನೆಗೂ ಯಾರೋ ಸತ್ಯ ಬರೆದರು ಎಂದನಂತೆ. ನಾಚಿಕೆಗೆಟ್ಟವನು.

ನಾನು ಕಾಫಿ ಅಂಗಡಿಯ ಮುಂದೆಯೇ ಇಸ್ಮಿನಿಯನ್ನು ಹಿಡಿದುಕೊಂಡೆ. ಹೆಣ್ಣು ಅಳುವಂತೆ ಎಷ್ಟು ಕಾಲ ಮಾಡುತ್ತಾ ಕೂರುವುದು, ನನ್ನ ಅರಿಯಾಡ್ನಿ ಗಟ್ಟಿಗಿತ್ತಿ ಎಂದಳು.

“ಅವಳು ಗಟ್ಟಿಗಿತ್ತಿನೇ ಕಣಮ್ಮ, ಅದನ್ನ ನೀನು ಬಂದು ಹೇಳ್ಬೇಕಾಗಿಲ್ಲ,” ಎಂದೆ. “ಅವನು ಮಾಡಿದ ಹೊಲಸನ್ನ ಅವಳ ಕೈಲೇ ಯಾಕೆ ತೊಳೆಸ್ತೀಯ?”

ಮನೆಗೆ ಬಂದು ತಂಗಿಗೂ ಹೇಳಿದೆ: ಊರೆದುರು ಆ ಮಾತಾಡಿದರೆ ಅವನ ಸುಳ್ಳಿಗೆ ನೀನೇ ಮುದ್ರೆ ಒತ್ತಿದಂತೆ, ಆಮೇಲೆ ಸಾಯುವವರೆಗೂ ಅದೇ ನಿಜ. ಅವಳು ಚೀಸ್ ಗಡ್ಡೆಗೆ ಉಪ್ಪು ತಿಕ್ಕುತ್ತಿದ್ದಳು. ಗೊತ್ತು, ಸುಮ್ಮನಿರು ಎಂದಳು, ಅಷ್ಟೇ.

ನಮ್ಮೂರಿನದೊಂದು ಪದ್ಧತಿಯನ್ನು ಇಸ್ಮಿನಿಗೆ ಯಾರೂ ಹೇಳಿರಲಿಲ್ಲ. ಮದುವೆಯಿರಲಿ, ಜಗಳವಿರಲಿ, ನಮ್ಮಲ್ಲಿ ಒಬ್ಬರು ಎರಡು ಸಾಲಿನ ಪದ ಕಟ್ಟಿ ಎಸೆಯುತ್ತಾರೆ. ಅದು ತಾಗಿದವರು ಎದ್ದು ನಿಂತು ಎರಡು ಸಾಲಿನಲ್ಲೇ ಉತ್ತರ ಕೊಡಬೇಕು. ಕೊಡದಿದ್ದರೆ ಅವರ ಮೊಮ್ಮಕ್ಕಳನ್ನೂ ಊರು ಆಡಿಕೊಳ್ಳುತ್ತದೆ. ನಮ್ಮ ಗಂಡಸರು ಕೈಕಾಲು ಮುರಿದರೂ ಸಹಿಸಿಯಾರು, ಇದನ್ನು ಸಹಿಸುವುದಿಲ್ಲ.

ನಾಟಕದ ದಿನ ಹೊತ್ತು ಮುಳುಗುವ ಮೊದಲೇ ಶಾಲೆಯಂಗಳ ತುಂಬಿತು. ಮುಂದಿನ ಸಾಲಿನಲ್ಲಿ ಅರ್ಗಿರಿಸ್, ಪಕ್ಕದಲ್ಲಿ ಅವನ ಹೆಂಡತಿ. ಥೀಸಿಯಸ್ ವೇಷದ ಅಥೆನ್ಸಿನ ಹುಡುಗ ತಗಡಿನ ಕತ್ತಿ ಹಿಡಿದು ತುದಿಗಾಲಲ್ಲಿ ಹೊರಟ. ಮಲಗಿದ್ದ ಕಲ್ಲಿರೋಯಿ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು ಅವನನ್ನು ನೋಡಿದಳು. ಕಲಿಸಿದ ಮಾತು ಅವಳ ಬಾಯಿಂದ ಬರಲಿಲ್ಲ.

“ಮಲಗಿದವಳ ಬಿಟ್ಟು ಹೋಗಲು ಯಾಕೆ ಬೇಕೋ ಕತ್ತಿ?
ಹಾಲು ಕುಡಿದ ಬೆಕ್ಕೂ ಹೋಗುತ್ತಲ್ಲ ಗೋಡೆ ಹತ್ತಿ.”

ಅಂಗಳವೆಲ್ಲ ಗೊಳ್ಳೆಂದಿತು. ಹುಡುಗ ಕಣ್ಣು ಕಣ್ಣು ಬಿಟ್ಟು ಇಸ್ಮಿನಿಯ ಕಡೆ ತಿರುಗಿದ. ಅಥೆನ್ಸಿನವನು, ಅವನಿಗೇನು ಗೊತ್ತು ಪಾಪ. ಮುದುಕರು ಉತ್ತರ ಬರಲೆಂದು ಕೋಲು ಕುಟ್ಟತೊಡಗಿದರು. ಪದ ಹಾಗೇ ಬಿದ್ದಿತ್ತು, ಎತ್ತಿಕೊಳ್ಳುವವರಿಲ್ಲ. ಅರ್ಗಿರಿಸ್ ಕುರ್ಚಿಯಲ್ಲೇ ಮಿಸುಕಾಡಿದ. ಎಷ್ಟೇ ಅಥೆನ್ಸು ಕಂಡಿದ್ದರೂ ಅವನು ಈ ಮಣ್ಣಿನವನು, ತಡೆದುಕೊಳ್ಳಲಾಗಲಿಲ್ಲ. ಎದ್ದ, ಎದೆ ಸೆಟೆಸಿದ, ಕೈಯೆತ್ತಿದ.

“ಎದ್ದಿದ್ದರೆ ನೀ ಅಳುತ್ತಿದ್ದೆ ಕೇಳುವಂತೆ ಊರು,
ಅದಕ್ಕೇ ನಾನು ನಸುಕಿನಲ್ಲೇ ಬಿಟ್ಟೆ ನಿನ್ನ ಸೂರು.”

ಪ್ರಾಸ ಕೂಡಿದ ಖುಷಿಗೆ ಒಂದು ಗಳಿಗೆ ಮೀಸೆಯಡಿ ನಕ್ಕ. ಆದರೆ ಯಾರೂ ಕೋಲು ಕುಟ್ಟಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡಾಗ ತಾನೇನು ಅಂದೆನೆಂದು ಅವನಿಗೆ ಹೊಳೆಯಿತು. ಮುಖ ಸುಣ್ಣವಾಯಿತು.

ಹೆಂಡತಿ ಅವನ ತೋಳು ಜಗ್ಗಿದಳು. “ಅವಳೇ ಕಳಿಸಿದ್ಳು ಅಂದಿದ್ಯಲ್ಲ?” ಮೆಲ್ಲಗೇ ಕೇಳಿದಳು, ಆದರೆ ಕೊನೆಯ ಸಾಲಿಗೂ ಕೇಳಿಸಿತು.

ಈಗ ಸರದಿ ನನ್ನ ತಂಗಿಯದು, ಊರೆಲ್ಲ ಅವಳತ್ತ ತಿರುಗಿತು. ಕಲ್ಲಿರೋಯಿ ಬಾಯಿ ತೆರೆದಳು, ಪದ ಹುಟ್ಟಲಿಲ್ಲ. ರಟ್ಟಿನ ಬಂಡೆಗಳ ನಡುವೆ ಕುಸಿದು ಕುಳಿತು ಅತ್ತಳು, ಇಷ್ಟು ವರ್ಷದ್ದನ್ನೆಲ್ಲ, ಊರು ಕೇಳುವಂತೆ. ನಾನು ರಂಗದ ಮೇಲೆ ಹತ್ತಿ ಅವಳ ಪಕ್ಕ ಕುಳಿತೆ. ಸಾಕು ಸುಮ್ಮನಿರು ಎಂದು ಹೇಳಲಿಲ್ಲ.