ನಾಳೆ ಯಾರು ಬರುವುದಿಲ್ಲ?

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹುಟ್ಟುವಾಗಲೇ ತಂದುಕೊಂಡಿದ್ದು ಅಂತ ನಮ್ಮವ್ವ ಬಂಡೆಮ್ಮ ಹೇಳುತ್ತಾಳೆ. ಹಾಗಾಗಿ ಆ ಗುರುವಾರ ರಾಯಚೂರಿನಿಂದ ದೇವದುರ್ಗದ ಬಸ್ಸು ಹತ್ತಿದವಳು ದಾರಿಯುದ್ದಕ್ಕೂ ಕಾಲೇಜನ್ನು ಬೈಯುತ್ತಲೇ ಹೋದೆ.

ಸಂಗತಿ ಇಷ್ಟೇ. ಬಿ.ಎಡ್. ಓದುವವರು ಹದಿನಾರು ವಾರ ಒಂದು ಶಾಲೆಯಲ್ಲಿ ಪಾಠ ಮಾಡಿ ಕಲಿಯಬೇಕು. ನಮ್ಮ ಕಾಲೇಜಿನಲ್ಲಿ ಆ ಶಾಲೆಯನ್ನು ನಾವೇ ಹುಡುಕಿ, ಅರ್ಜಿ ಕೊಟ್ಟು, ಮುಖ್ಯೋಪಾಧ್ಯಾಯರ ಸಹಿ ತರಬೇಕು. ಶುಕ್ರವಾರ ಸಂಜೆ ಐದರೊಳಗೆ ಸಹಿಯಾದ ಅರ್ಜಿ ಆಫೀಸಿಗೆ ಮುಟ್ಟದಿದ್ದರೆ ಒಂದು ವರ್ಷ ಮಣ್ಣುಪಾಲು. ನಾನು ರಾಯಚೂರು ಶಹರದಲ್ಲೇ ಒಂದು ದೊಡ್ಡ ಶಾಲೆ ಸಿಗುತ್ತದೆಂದು ಕೂತೆ. ಕೂತವಳು ಕೂತೇ ಇದ್ದೆ, ಜಾಗಗಳೆಲ್ಲ ತುಂಬಿದವು.

"ಊರಾಗಿನ ಸಾಲಿ ಎಲ್ಲಾ ಮುಗುದ್ವಮ್ಮ," ಅಂದರು ನಮ್ಮ ಶರಣಯ್ಯ ಸರ್. "ದೇವದುರ್ಗದ ಆಚಿಗಿ ಒಂದು ಸರ್ಕಾರಿ ಹೈಸ್ಕೂಲ್ ಅದ. ಗಣಿತಕ್ಕ ಜಾಗಾ ಖಾಲಿ ಅದ. ಆದ್ರ ಅಲ್ಲಿ ಹೆಡ್ ಮೇಡಂ ಶಹಜಾದಿ ಬೇಗಂ ಅಂತ. ಹೋದ ವರ್ಷ ನಾಕು ಮಂದೀನ್ನ ಸಹಿ ಹಾಕದನ ಕಳಿಸ್ಯಾರ."

"ನಾ ಐದನೇದಾಕಿ ಆಗಂಗಿಲ್ಲ ಬಿಡ್ರಿ ಸರ್," ಅಂದೆ. ಬಾಯಿ ನೋಡಿ ನನ್ನದು!

ಅರ್ಜಿಯಲ್ಲಿ ತಂದೆ ತಾಯಿಯ ಉದ್ಯೋಗ ಅಂತ ಒಂದು ಸಾಲು ಇತ್ತು. ಅಲ್ಲಿ 'ಒಕ್ಕಲುತನ' ಎಂದು ಬರೆದಿದ್ದೆ. ಅದು ಶುದ್ಧ ಸುಳ್ಳು. ನಮಗೆ ಹೊಲವೇ ಇಲ್ಲ. ನಾವು ಮಾನ್ವಿ ತಾಲೂಕಿನ ಬಾಗಲವಾಡದವರು, ಕುರಿ ಕಾಯುವವರು. ವರ್ಷದಲ್ಲಿ ಎಂಟು ತಿಂಗಳು ಅಪ್ಪ ದುರುಗಪ್ಪ, ಅವ್ವ ಇಬ್ಬರೂ ಕುರಿಯ ಹಿಂದೆ ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಗೊಬ್ಬರ ಬೀಳಲಿ ಎಂದು ರೈತರು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ, ಅಲ್ಲೇ ಹಟ್ಟಿ, ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ ನಾನು ಒಕ್ಕಲುತನ ಅಂತಲೇ ಹೇಳುತ್ತಿದ್ದೆ.

ಶಹಜಾದಿ ಬೇಗಂ ಮೇಡಂ ಕುಳ್ಳಗೆ, ದಪ್ಪಗೆ, ಬಿಳಿ ಕೂದಲ ಮೇಲೆ ಸೆರಗು ಹೊದ್ದು ವರಾಂಡದಲ್ಲಿ ಕೂತಿದ್ದರು. ನನ್ನ ಅರ್ಜಿ ತೆಗೆದುಕೊಂಡು, ಓದದೆ, ಮೇಜಿನ ಮೇಲೆ ಇಟ್ಟು ಅದರ ಮೇಲೆ ಒಂದು ಡಸ್ಟರ್ ಇಟ್ಟರು.

"ಒಂಬತ್ತನೇ ಕ್ಲಾಸಿಗಿ ಹೋಗಮ್ಮ. ಒಂದ್ ತಾಸು ಪಾಠ ಮಾಡು. ಬಂದು ನನ್ನ ಜೋಡಿ ಮಾತಾಡು."

ಗಣಿತದ ಬಹುಪದೋಕ್ತಿ ಪಾಠ ಮಾಡಿದೆ. ಸುಮ್ಮನೆ ಹೇಳುವುದಲ್ಲ, ಛಲೋ ಮಾಡಿದೆ. ಬಣ್ಣದ ಚಾರ್ಟು ತೂಗುಹಾಕಿದೆ, ಬೋರ್ಡು ಎರಡು ಸಲ ತುಂಬಿ ಅಳಿಸಿದೆ, ಮಕ್ಕಳು ಕೂಡಿ ಉತ್ತರ ಹೇಳಿದರು. ಎದೆ ಉಬ್ಬಿಸಿಕೊಂಡು ವಾಪಸ್ಸು ಬಂದೆ.

"ಎಷ್ಟು ಮಂದಿ ಇದ್ರು?"

"ನಲವತ್ತೆರಡು ರೀ ಮೇಡಂ." ಎಣಿಸಿಕೊಂಡೇ ಬಂದಿದ್ದೆ.

"ಯಾರಿಗಿ ತಿಳೀಲಿಲ್ಲ?"

"ಎಲ್ಲಾರಿಗೂ ತಿಳೀತು ರೀ."

ಮೇಡಂ ನಕ್ಕರು. "ನಾಳಿ ಯಾರು ಬರಂಗಿಲ್ಲ?"

ನನಗೆ ತಲೆ ಕೆಟ್ಟಿತು. "ಅದು ನನಗ ಹೆಂಗ ಗೊತ್ತಾಗ್ಬೇಕ್ರಿ? ನಾ ಪಾಠ ಮಾಡಾಕ ಬಂದೀನಿ, ಶಾಸ್ತ್ರ ಹೇಳಾಕ ಬಂದಿಲ್ಲ!"

ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಡಂ ಮಾತ್ರ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ.

"ನೀನು ಬೋರ್ಡಿಗಿ ಪಾಠ ಮಾಡಿದಿ ಬೇಟಾ, ಭಾಳ ಛಲೋ ಮಾಡಿದಿ. ಬೋರ್ಡು ನಾಳಿ ಬರತದ, ಅದು ಎಲ್ಲೀ ಹೋಗಂಗಿಲ್ಲ. ಮುಂಜಾನಿ ಬಾ. ನಾ ಕೇಳಿದ್ದಕ್ಕ ಜವಾಬು ಕೊಡು, ಸಹಿ ಹಾಕ್ತೀನಿ. ಇಲ್ಲಂದ್ರ ಖುದಾ ಹಾಫಿಜ್."

ಅಳು ನುಂಗಿಕೊಂಡು ಹೊರಬಿದ್ದೆ. ಆ ದಿನಗಳಲ್ಲಿ ನಮ್ಮ ಕುರಿ ಅದೇ ಊರಿನ ಹೊರಗೆ, ಕಾಲುವೆಯ ಪಕ್ಕದ ಒಂದು ಕೊಯ್ದ ಗದ್ದೆಯಲ್ಲಿ ನಿಂತಿದ್ದವು. ಅಪ್ಪ ಅವ್ವ ಅಲ್ಲಿದ್ದಾರೆಂದು ಗೊತ್ತಿದ್ದೂ ನಾನು ಶಾಲೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈಗ ಹೋಗುವುದಕ್ಕೆ ಬೇರೆ ಎಲ್ಲಿತ್ತು? ಚಪ್ಪಲಿ ಕೈಯಲ್ಲಿ ಹಿಡಿದು ಕಾಲುವೆಯ ಏರಿ ಹಿಡಿದೆ.

ಹೊತ್ತು ಮುಳುಗುವ ಸಮಯ. ಅಪ್ಪ ಕುರಿ ಹೊಡೆದುಕೊಂಡು ಬಂದ. ಅವ್ವ ಹಟ್ಟಿಯ ಬಾಯಲ್ಲಿ ನಿಂತಿದ್ದಳು. ಧೂಳು ಎಬ್ಬಿಸಿಕೊಂಡು ಇನ್ನೂರಕ್ಕೂ ಹೆಚ್ಚು ಕುರಿ ಅವಳ ಎರಡೂ ಪಕ್ಕ ಒಳಗೆ ನುಗ್ಗಿದವು. ಕೊನೆಯದು ಒಳಗೆ ಹೋದದ್ದೇ ತಡ, ಅವ್ವ ಅಂದಳು, "ಆ ಹರಕ ಕಿವೀದು ಬಂದಿಲ್ಲ."

ಅಷ್ಟೇ. ಎಣಿಸಲಿಲ್ಲ, ಬೆರಳು ಮಡಚಲಿಲ್ಲ. ಕಂಬಳಿ ಹೊದ್ದು ನಡೆದೇಬಿಟ್ಟಳು. ಬಡಿದ ರೊಟ್ಟಿ ಬುಟ್ಟಿಯಲ್ಲೇ ಇತ್ತು.

ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಬಾವಿಯಲ್ಲಿ ನೀರಿರುವಷ್ಟೇ ಸಹಜ ಅಂದುಕೊಂಡಿದ್ದೆ. ಆದರೆ ಆ ಸಂಜೆ ಮೈಯೆಲ್ಲ ಜುಮ್ಮೆಂದಿತು. ಇನ್ನೂರು ಕುರಿ, ಎಲ್ಲವೂ ಒಂದೇ ಬಣ್ಣ, ಒಂದೇ ಧೂಳು. ಆ ರಾಶಿಯಲ್ಲಿ ಇಲ್ಲದಿರುವ ಒಂದು ಈ ಹೆಂಗಸಿಗೆ ಕಂಡಿತಲ್ಲ! ಇರುವುದು ಯಾರಿಗಾದರೂ ಕಾಣುತ್ತದೆ. ಇಲ್ಲದ್ದನ್ನು ಕಾಣುವ ಕಣ್ಣು ಯಾವುದು ಮಾರಾಯರೇ?

ನಮ್ಮವರಲ್ಲಿ ಕುರಿ ಎಣಿಸಬಾರದು. ಎಣಿಸಿದರೆ ಕಣ್ಣು ಬೀಳುತ್ತದೆ, ಕಡಿಮೆಯಾಗುತ್ತವೆ ಎನ್ನುತ್ತಾರೆ. ಒಂದನೇ ಇಯತ್ತೆಯಲ್ಲಿ ಅಂಕಿ ಕಲಿತು ಬಂದ ಹೊಸದರಲ್ಲಿ ನಾನು ಹಟ್ಟಿಯ ಮುಂದೆ ನಿಂತು ಒಂದು, ಎರಡು ಅಂತ ಜೋರಾಗಿ ಶುರುಮಾಡಿ ಅವ್ವನ ಕೈಲಿ ಕಪಾಳಕ್ಕೆ ತಿಂದಿದ್ದೆ. ಮೂಢನಂಬಿಕೆ ಎಂದು ಅಂದಿನಿಂದ ಇಂದಿನವರೆಗೆ ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಅವ್ವ ಹರಕು ಕಿವಿಯ ಕುರಿಯನ್ನು ಕೊರಳಿಗೆ ಕೈ ಹಾಕಿ ಕರೆತಂದಳು. ಜಾಲಿಮುಳ್ಳಿನಲ್ಲಿ ಸಿಕ್ಕಿತ್ತಂತೆ. ರೊಟ್ಟಿ ಮುರಿಯುತ್ತ ಕೂತಾಗ ಕೇಳಿದೆ.

"ಯವ್ವಾ, ಎಣಿಸದನ ಹೆಂಗ ಗೊತ್ತಾತು?"

"ಎಣಿಸಿದ್ರ ಗೊತ್ತಾಗತಿತ್ತೇನು? ಎಣಿಸಿದ್ರ ಒಂದು ಕಮ್ಮಿ ಅಂತ ಗೊತ್ತಾಗತದ. ಯಾವುದು ಅಂತ ಗೊತ್ತಾಗಂಗಿಲ್ಲ. ಒಂದೊಂದರ ಮಾರಿ ನೋಡಿ ಗುರ್ತು ಹಿಡೀಬೇಕು."

"ಇನ್ನೂರು ಮಾರಿ?"

"ಮತ್ತ! ಅವು ನಿನ್ನಂಗ ಮಾರಿ ಮುಚ್ಚಿಕೊಂಡು ಹಾಸ್ಟೆಲಿನ್ಯಾಗ ಕುಂತಿರತಾವೇನು?" ಅಂದು ಅವ್ವ ಚುಚ್ಚಿದಳು. ಆಮೇಲೆ ತಾನೇ ಅಂದಳು, "ಇವತ್ತ ಅದು ತಪ್ಪತದ ಅಂತ ನನಗ ನಿನ್ನೇನ ಗೊತ್ತಿತ್ತು ಬಿಡು. ನಿನ್ನಿ ಇಡೀ ದಿನ ಹಿಂಡಿನ ಕಡೀಗಿ ನಿಂತು ಹೊರಗ ನೋಡತಿತ್ತು. ಕಡೀಗಿ ನಿಂತದ್ದು ಮರುದಿನ ತಪ್ಪತದ."

ನನ್ನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು.

ಕಣ್ಣು ಮುಚ್ಚಿ ಒಂಬತ್ತನೇ ತರಗತಿಯ ಮುಖ ನೆನಪಿಸಿಕೊಂಡೆ. ನಲವತ್ತೆರಡರಲ್ಲಿ ಐದು ಬಂದವು. ಐದೇ! ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಆದರೆ ಆ ಐದರಲ್ಲಿ ಒಂದು ಬಾಗಿಲ ಪಕ್ಕದ ಕೊನೆಯ ಬೆಂಚಿನದು. ಒಂದು ಜಡೆಗೆ ರಿಬ್ಬನ್ ಇದ್ದ, ಇನ್ನೊಂದಕ್ಕೆ ಇಲ್ಲದ ಹುಡುಗಿ. ಬೆರಳ ತುದಿಗಳೆಲ್ಲ ಗೀರು ಬಿದ್ದಿದ್ದವು, ಹತ್ತಿ ಬಿಡಿಸುವವರ ಬೆರಳು. ಪಾಠದ ನಡುವೆ ಆಕೆ ತನ್ನ ಕಂಪಾಸ್ ಪೆಟ್ಟಿಗೆಯನ್ನು ಪಕ್ಕದವಳ ಚೀಲಕ್ಕೆ ಹಾಕಿದ್ದಳು. ಆಗ ನಾನು 'ಇತ್ತ ಲಕ್ಷ್ಯ ಕೊಡು' ಎಂದು ಗದರಿದ್ದೆ. ನಾಳೆ ಬರುವವಳು ಕಂಪಾಸ್ ಪೆಟ್ಟಿಗೆ ಯಾಕೆ ಕೊಡುತ್ತಾಳೆ?

ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಶಾಲೆಗೆ ಓಡಿದೆ. ಹಾಲಿನ ತಂಬಿಗೆ ಹಿಡಿದು ಊರಿಗೆ ಹೊರಟಿದ್ದ ಅವ್ವನೂ ಜೊತೆಗೆ ಬಂದು ಗೇಟಿನ ಹತ್ತಿರ ನಿಂತಳು. ಮಕ್ಕಳು ಸಾಲಾಗಿ ನಿಂತರು. ನಾನು ಎಣಿಸಲಿಲ್ಲ, ಒಂದೊಂದೇ ಮುಖ ನೋಡಿದೆ. ರಿಬ್ಬನ್ ಹುಡುಗಿ ಇರಲಿಲ್ಲ.

"ಮೇಡಂ, ಬಾಗಿಲ ಕಡಿ ಬೆಂಚಿನ್ಯಾಕಿ ಬಂದಿಲ್ರಿ. ಹೆಸರು ಕೇಳ್ಲಿಲ್ಲ ನಾನು, ತಪ್ಪಾಗ್ಯದ. ಹತ್ತಿ ಬಿಡಸಾಕ ಹೋಗ್ಯಾಳ. ಆಕಿಗಿ ನಿನ್ನೇನ ಗೊತ್ತಿತ್ತು."

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಉಮಾಶ್ರೀ," ಅಂದರು ಮೆಲ್ಲಗೆ. "ಖರೇ ಹೇಳಿದಿ." ಡಸ್ಟರ್ ಎತ್ತಿ ಬದಿಗಿಟ್ಟು, ನನ್ನ ಅರ್ಜಿ ಎಳೆದುಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು.

ನನ್ನ ಜೀವ ಬಂದಂತಾಯಿತು. ಹನ್ನೊಂದರ ಬಸ್ಸು ಹಿಡಿದರೆ ಮಧ್ಯಾಹ್ನಕ್ಕೆ ರಾಯಚೂರು. ತಿರುಗಿ ಗೇಟಿನ ಕಡೆ ನೋಡಿ, "ಯವ್ವಾ, ಆತು! ತಪ್ಪಿಸಿಕೊಂಡಾಕಿ ಯಾರಂತ ಹೇಳಿದೆ!" ಎಂದು ಕೂಗಿದೆ.

ಅವ್ವ ಅಲ್ಲಿಂದಲೇ ಕೇಳಿದಳು, "ಹೇಳಿದಿ. ಹೋಗಿ ತಂದ್ಯಾ?"

ಮೇಡಂ ಅವರ ಪೆನ್ನು ನಿಂತಿತು.

"ತಪ್ಪಿದ್ದು ಗೊತ್ತಾದ ಮ್ಯಾಲ ಕುಂತು ಉಣ್ಣಾಕ ಆಗತದೇನು ಬೇ?" ಅಂದಳು ಅವ್ವ.

ಹನ್ನೊಂದರ ಬಸ್ಸು ಬಿಟ್ಟರೆ ಮುಂದಿನದು ಎರಡೂವರೆಗೆ. ಅದು ಐದರೊಳಗೆ ಮುಟ್ಟಿದರೆ ಮುಟ್ಟಿತು, ದಾರಿಯಲ್ಲಿ ಎಲ್ಲಾದರೂ ನಿಂತರೆ ನನ್ನ ವರ್ಷ ಹೋಯಿತು. ಇದೆಲ್ಲ ಮನಸ್ಸಿನಲ್ಲಿ ಗಿರಗಿರ ತಿರುಗಿತು. ಸಿಟ್ಟೂ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ಬಂದ್ ಸಹಿ ತಗೊಂತೀನ್ರಿ ಮೇಡಂ," ಅಂದವಳೇ ಗೇಟು ದಾಟಿದೆ.

ಆ ಊರಿನ ಹೊಲಗಳೆಲ್ಲ, ಈಗ ಎಲ್ಲಿ ಹತ್ತಿ ಬಿಡಿಸುತ್ತಿದ್ದಾರೆಂಬುದೂ ಅವ್ವನಿಗೆ ಗೊತ್ತು. ಕಾಲುವೆ ದಾಟಿ, ತೊಗರಿ ಹೊಲದ ಬದುವಿನ ಮೇಲೆ ಒಂದು ತಾಸು ನಡೆಸಿದಳು. ರಸ್ತೆಯ ಪಕ್ಕದ ಹತ್ತಿ ಹೊಲದಲ್ಲಿ ಹೆಂಗಸರು ಸಾಲು ಹಿಡಿದು ಬಿಡಿಸುತ್ತಿದ್ದರು. ಉಮಾಶ್ರೀ ನನ್ನನ್ನು ಕಂಡದ್ದೇ ಗಿಡದ ಮರೆಗೆ ಕೂತಳು. ಅವಳ ತಾಯಿ ಸೂಗಮ್ಮ ಸೆರಗಿನ ಉಡಿ ತುಂಬ ಹತ್ತಿ ಹೊತ್ತು ಎದ್ದು ನಿಂತಳು.

"ಏನ್ರಿ ಟೀಚರ್, ಎಂಟು ದಿನದ ಮಾತು. ಒಂದು ಹೆಣ್ಣಾಳು ಕಮ್ಮಿ ಬಿದ್ರ ನನ್ನೂ ಬ್ಯಾಡಂತಾರ. ಎರಡಾಳು ಕರಕೊಂಡು ಬರತೀನಂತ ಮಾತು ಕೊಟ್ಟೀನಿ. ಈಗ ಹೆಂಗ ಮಾಡ್ಲಿ ಹೇಳ್ರಿ?"

ನನ್ನಲ್ಲಿ ಭಾಷಣ ಸಿದ್ಧವಿತ್ತು. ಶಿಕ್ಷಣದ ಹಕ್ಕು, ಮಕ್ಕಳ ದುಡಿಮೆ, ಕಾಯಿದೆ, ಎಲ್ಲ ಪರೀಕ್ಷೆಗೆ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಬಾಯಿ ತೆಗೆಯುವಷ್ಟರಲ್ಲಿ ಅವ್ವ ತಂಬಿಗೆಯನ್ನು ಬದುವಿನ ಮೇಲಿಟ್ಟು, ಸೆರಗನ್ನು ಉಡಿ ಕಟ್ಟಿ, ಹುಡುಗಿ ಅಡಗಿದ್ದ ಸಾಲಿಗೆ ಇಳಿದಿದ್ದಳು.

"ನೀ ಏಳವ್ವ, ಸಾಲಿಗಿ ನಡಿ," ಅಂದಳು ಉಮಾಶ್ರೀಗೆ. "ನಿನ್ನ ಜಾಗದಾಗ ನಾ ಬಿಡಸ್ತೀನಿ. ಎಂಟು ದಿನ ನಮ್ಮ ಹಟ್ಟಿನೂ ಇಲ್ಲೇ ಇರತದ. ಕುರೀನ್ನ ನನ್ನ ಮಗಳ ಅಪ್ಪ ನೋಡ್ಕೊಂತಾನ."

ಸೂಗಮ್ಮ ಬೆರಗಾಗಿ ನಿಂತುಬಿಟ್ಟಳು. "ಯವ್ವಾ, ನೀ ಯಾರು, ನಾ ಯಾರು..."

"ಯಾರಾದ್ರೇನು? ಎರಡಾಳು ಅಂದಿ, ಎರಡಾಳು ಅದೀವಿ. ಬಿಡಸು, ಹೊತ್ತಾಗತದ," ಅಂದಳು ಅವ್ವ. ಆಗಲೇ ಅವಳ ಕೈ ನಡೆಯುತ್ತಿತ್ತು.

ಈ ಹೆಂಗಸನ್ನು ನಾನು ಒಂದು ಅರ್ಜಿಯ ಮೇಲೆ ಸುಳ್ಳು ಬರೆದು ಮುಚ್ಚಿಟ್ಟಿದ್ದೆ. ಶಾಲೆಯ ಮೆಟ್ಟಿಲು ಹತ್ತದವಳು, ನಾನು ಎರಡು ವರ್ಷದಲ್ಲಿ ಕಲಿಯದ್ದನ್ನು ಒಂದು ಉಡಿ ಕಟ್ಟುವುದರೊಳಗೆ ಮಾಡಿ ತೋರಿಸಿದ್ದಳು. ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಬೈಯುತ್ತಿದ್ದಳು, ಆದ್ದರಿಂದ ಹುಡುಗಿಯ ಕೈ ಹಿಡಿದು ನಡೆದೆ.

ಶಾಲೆ ಮುಟ್ಟಿದಾಗ ಮಧ್ಯಾಹ್ನದ ಊಟದ ಹೊತ್ತು. ಉಮಾಶ್ರೀ ಸೀದಾ ಗೆಳತಿಯ ಹತ್ತಿರ ಹೋಗಿ ಕಂಪಾಸ್ ಪೆಟ್ಟಿಗೆ ವಾಪಸ್ಸು ಇಸಿದುಕೊಂಡಳು.

"ನಿಮ್ಮವ್ವ ಎಲ್ಲಿ?" ಮೇಡಂ ಕೇಳಿದರು.

ಹೇಳಿದೆ. "ಯಾ ಅಲ್ಲಾ," ಅಂದರು ಶಹಜಾದಿ ಬೇಗಂ. "ಮೂವತ್ತು ವರ್ಷ ನೌಕರಿ ಮಾಡೀನಿ. ತಪ್ಪಿದ ಮಕ್ಕಳ ಮನೀಗಿ ಹೋಗೀನಿ, ಬೈದೀನಿ, ಕೈ ಮುಗುದೀನಿ. ಅವರ ಹತ್ತಿ ಸಾಲಿನ್ಯಾಗ ಇಳಿಬೇಕಂತ ಒಂದ್ ದಿನಾನೂ ನನ್ನ ತಲೀಗಿ ಬರಲಿಲ್ಲ ನೋಡು." ಅವರ ಕಣ್ಣು ತುಂಬಿದ್ದವು.

ಅರ್ಜಿಗೆ ಪೆನ್ನು ಇಡುವ ಮೊದಲು ನಾನು ಕೈ ಚಾಚಿದೆ. "ಒಂದು ನಿಮಿಷ ಪೆನ್ ಕೊಡ್ರಿ ಮೇಡಂ." 'ಒಕ್ಕಲುತನ' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಕುರಿ ಕಾಯುವುದು' ಎಂದು ಸ್ಪಷ್ಟವಾಗಿ ಬರೆದೆ. ಮೇಡಂ ಓದಿ, ಆ ತಿದ್ದುಪಡಿಯ ಪಕ್ಕ ಒಂದು, ಕೆಳಗೆ ಒಂದು, ಎರಡು ಸಹಿ ಹಾಕಿ ಶಾಲೆಯ ಸಿಕ್ಕಾ ಒತ್ತಿದರು.

ಎರಡೂವರೆಯ ಬಸ್ಸು ರಾಯಚೂರು ಮುಟ್ಟಿದ್ದು ಐದಕ್ಕೆ ಹದಿನೈದು ನಿಮಿಷ ಇರುವಾಗ. ಓಡಿ ಹೋಗಿ ಅರ್ಜಿ ಕೊಟ್ಟೆ, ತಗೊಂಡರು. ಆದರೆ ನನಗೆ ನೆನಪಿರುವುದು ಅದಲ್ಲ.

ಅದಕ್ಕೂ ಮೊದಲು, ಬಸ್ಸು ಊರು ಬಿಟ್ಟು ಆ ಹತ್ತಿ ಹೊಲದ ಪಕ್ಕ ಬಂದಿತ್ತು. ಬಿಳಿ ಹೊಲದ ತುಂಬ ಹೆಂಗಸರು ಬೆನ್ನು ಬಗ್ಗಿಸಿದ್ದರು, ಎಲ್ಲರ ತಲೆಯ ಮೇಲೂ ಒಂದೇ ಬಗೆಯ ಸೆರಗು, ಒಂದೇ ಧೂಳು. ಎಷ್ಟು ಮಂದಿ ಎಂದು ನಾನು ಎಣಿಸಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ನೋಡಿದ ಕೂಡಲೇ ಗುರುತು ಹಿಡಿದು, "ಯವ್ವಾ!" ಎಂದು ಕೂಗಿದೆ. ಅಷ್ಟು ಬೆನ್ನುಗಳಲ್ಲಿ ಒಂದೇ ಒಂದು ಎದ್ದು ತಿರುಗಿತು.